ಬೈಕ್ ಚೈನಿನ ಡಿಗ್ರೀಸರ್ ಅಡುಗೆಮನೆಗೆ ಆಗುತ್ತಾ?

ಪ್ರಶ್ನೆ: ನಮಸ್ಕಾರ. ಮನೆ ಕ್ಲೀನಿಂಗ್ ಕೆಲಸ ಮಾಡುವವರು ಈ ಗುಂಪಿನಲ್ಲಿ ಇದ್ದಾರೆ ಅಂತ ಕೇಳುತ್ತಿದ್ದೇನೆ. ಹಬ್ಬಕ್ಕೆ ಮುಂಚೆ ಅಡುಗೆಮನೆ ತೊಳೆಯಬೇಕು. ಒಲೆ ಹಿಂದಿನ ಟೈಲ್ಸ್, ಚಿಮಣಿ ಎಲ್ಲಾ ಜಿಡ್ಡು. ನಮ್ಮವರ ಹತ್ತಿರ ಬೈಕ್ ಚೈನ್ ತೊಳೆಯುವ ಡಿಗ್ರೀಸರ್ ಸ್ಪ್ರೇ ಇದೆ. ಅದನ್ನೇ ಹೊಡೆಯಬಹುದಾ? ಇನ್ನೊಂದು, ಹೋದ ವರ್ಷ ಚಿಮಣಿ ಫಿಲ್ಟರನ್ನು ಯಾವುದೋ ಕ್ಲೀನರಿನಲ್ಲಿ ನೆನೆಸಿಟ್ಟೆ, ಪೂರ್ತಿ ಕಪ್ಪಾಯಿತು. ಯಾಕೆ?

ಉತ್ತರ: ನಮಸ್ಕಾರ ಅಕ್ಕ. ಚೈನ್ ಸ್ಪ್ರೇ ಬೇಡ. ಡಬ್ಬದ ಮೇಲೆ ಬೆಂಕಿಯ ಚಿತ್ರ ಇದೆಯಾ ನೋಡಿ. ಅಂಥವು ಸೀಮೆಎಣ್ಣೆ ಜಾತಿಯವು, ಬೇಗ ಹೊತ್ತಿಕೊಳ್ಳುತ್ತವೆ. ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಅದನ್ನು ಹೊಡೆಯುವುದು ಅಪಾಯ.

ಅದೂ ಅಲ್ಲದೆ, ಎರಡೂ ಕಡೆಯ ಜಿಡ್ಡು ಬೇರೆ ಬೇರೆ. ಚೈನಿಗೆ ಹಚ್ಚುವ ಗ್ರೀಸ್ ಹೆಚ್ಚಾಗಿ ಪೆಟ್ರೋಲಿಯಂನದು. ಟೈಲ್ಸಿಗೆ ಅಂಟಿರುವುದು ಒಗ್ಗರಣೆ ಎಣ್ಣೆ. ಅಡುಗೆ ಎಣ್ಣೆಗೆ ಕ್ಷಾರ ತಾಗಿದರೆ ಅದರಲ್ಲಿ ಸ್ವಲ್ಪ ಸಾಬೂನೇ ಆಗುತ್ತದೆ, ನೀರಿನ ಜೊತೆ ಹೋಗುತ್ತದೆ. ಪೆಟ್ರೋಲಿಯಂ ಗ್ರೀಸ್ ಹಾಗೆ ಸಾಬೂನಾಗುವುದಿಲ್ಲ. ಅದಕ್ಕೇ ಅಡುಗೆಮನೆ ಡಿಗ್ರೀಸರುಗಳು ಹೆಚ್ಚಾಗಿ ಕ್ಷಾರದವು.

ನಿಮ್ಮ ಫಿಲ್ಟರ್ ಕಪ್ಪಾಗಿದ್ದೂ ಬಹುಶಃ ಈ ಕ್ಷಾರದಿಂದಲೇ. ತುಂಬಾ ಚಿಮಣಿಗಳಲ್ಲಿ ಜಾಲರಿ ಫಿಲ್ಟರ್ ಅಲ್ಯೂಮಿನಿಯಂನದು. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ನೆನೆಸಿದಾಗ ಗುಳ್ಳೆ ಬಂದಿರಬೇಕು ಅಲ್ವಾ? ಅದು ಹೈಡ್ರೋಜನ್. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಒಬ್ಬರ ಮನೆಯ ಫಿಲ್ಟರನ್ನು ಹೀಗೇ ಕೆಡಿಸಿ, ಹೊಸದು ತಂದುಕೊಟ್ಟಿದ್ದೆ. ಆ ಕಪ್ಪು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ತಂತಿ ಸವೆದು ತೂತಾಗಿಲ್ಲ ಅಂದರೆ ಅದನ್ನೇ ಬಳಸಿ.

ಇನ್ನು ಮುಂದೆ ಅದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಚಮಚ, ಅರ್ಧ ಗಂಟೆ ನೆನೆಸಿ, ಹಳೇ ಬ್ರಷ್. ಅಷ್ಟೇ ಸಾಕು. ವಾಷಿಂಗ್ ಸೋಡಾ ಕೂಡ ಬೇಡ. ಫಿಲ್ಟರ್ ಸ್ಟೀಲಿನದಾದರೆ 5 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಬಹುದು.

ಟೈಲ್ಸಿಗೆ ಡಿಗ್ರೀಸರ್ ಹೊಡೆದ ತಕ್ಷಣ ಉಜ್ಜಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಬಿಸಿಗೆ, ಗಾಳಿಗೆ ಹಳೇ ಎಣ್ಣೆ ವಾರ್ನಿಷ್ ತರ ಗಟ್ಟಿಯಾಗಿರುತ್ತದೆ. ಅದು ಮೆತ್ತಗಾಗಲು 5ರಿಂದ 10 ನಿಮಿಷ ಬೇಕು. ಆದರೆ ಒಣಗಲು ಬಿಡಬೇಡಿ. ಒಣಗುತ್ತಿದ್ದರೆ ಮತ್ತೆ ಸ್ವಲ್ಪ ಹೊಡೆಯಿರಿ. ಹೊಡೆಯುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ, ಒರೆಸುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಮೇಲಿನಿಂದ ಹೊಡೆದರೆ ಇಳಿದ ನೀರಿನ ಗೆರೆಗಳು ಹಾಗೇ ಉಳಿಯುತ್ತವೆ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಸ್ವಿಚ್ ಬೋರ್ಡಿನ ಹತ್ತಿರ ಬಟ್ಟೆಗೆ ಹೊಡೆದುಕೊಂಡು ಒರೆಸಿ, ಗೋಡೆಗೆ ಹೊಡೆಯಬೇಡಿ.

ಮತ್ತೊಬ್ಬರ ಪ್ರಶ್ನೆ: ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಹಾಕಿದರೆ ಸಾಲದಾ ಸರ್? ವಿಡಿಯೋಗಳಲ್ಲಿ ಎಲ್ಲಾ ಅದನ್ನೇ ತೋರಿಸುತ್ತಾರೆ.

ಉತ್ತರ: ನೊರೆ ಚೆನ್ನಾಗಿ ಬರುತ್ತದೆ, ಆದರೆ ಜಿಡ್ಡಿಗೆ ಪ್ರಯೋಜನ ಕಮ್ಮಿ. ಒಂದು ಕ್ಷಾರ, ಒಂದು ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ವಿನೆಗರನ್ನು ಸ್ಟೀಲ್ ಸಿಂಕಿನಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತಿರುತ್ತದಲ್ಲ, ಅದಕ್ಕೆ ಇಟ್ಟುಕೊಳ್ಳಿ.

ಇನ್ನೊಬ್ಬರು: ನಮ್ಮಜ್ಜಿ ಬರೀ ಒಲೆ ಬೂದಿ, ತೆಂಗಿನ ನಾರಿನಲ್ಲಿ ಎಣ್ಣೆ ಬಾಣಲೆ ತೊಳೆಯುತ್ತಿದ್ದರು.

ಉತ್ತರ: ನಿಮ್ಮಜ್ಜಿ ಬಳಸುತ್ತಿದ್ದದ್ದು ನಿಜವಾದ ಡಿಗ್ರೀಸರ್! ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದೂ ಕ್ಷಾರ. ಕಬ್ಬಿಣದ ಬಾಣಲೆಗೆ ಈಗಲೂ ಚೆನ್ನ. ಹೊಳಪಿನ ಟೈಲ್ಸಿಗೆ ಮಾತ್ರ ಬೇಡ, ಗೀರು ಬೀಳುತ್ತದೆ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್. ಡಿಗ್ರೀಸರಿಗೆ ಸ್ವಲ್ಪ ಬ್ಲೀಚ್ ಸೇರಿಸಿದರೆ ಬೇಗ ಹೋಗುತ್ತಾ?

ಉತ್ತರ: ಬೇಡವೇ ಬೇಡ ಅಕ್ಕ. ಕೆಲವು ಕ್ಲೀನರುಗಳಲ್ಲಿ ಅಮೋನಿಯಾ ಇರುತ್ತದೆ, ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗೂ ಬ್ಲೀಚ್ ಸೇರಿಸಬಾರದು. ಟೈಲ್ಸ್ ಇನ್ನೂ ಅಂಟುತ್ತಿದ್ದರೆ ಅದೇ ಡಿಗ್ರೀಸರನ್ನು ಎರಡನೇ ಸಲ ಹೊಡೆದು 10 ನಿಮಿಷ ಕಾಯಿರಿ. ಮೊದಲು ಒಂದು ಮೂಲೆಯ ಟೈಲಿನಲ್ಲಿ ಮಾಡಿ ನೋಡಿ, ಫೋಟೋ ಹಾಕಿ.