ಒರ್ವಿಯೆಟೊದಲ್ಲಿ ಕಾಲ್ನಡಿಗೆ ಪ್ರವಾಸ: ಸಣ್ಣ ಗುಂಪಿನೊಂದಿಗೆ ಹೋಗಬೇಕೇ, ನಾವೇ ಸುತ್ತಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಿನಲ್ಲಿ ನಾನು ಮತ್ತು ನನ್ನ ತಾಯಿ ಇಟಲಿಗೆ ಹೋಗುತ್ತಿದ್ದೇವೆ. ರೋಮ್‌ನಲ್ಲಿ ತಂಗುವ ದಿನಗಳಲ್ಲಿ ಒಂದನ್ನು ಉಂಬ್ರಿಯಾ ಪ್ರಾಂತ್ಯದ ಒರ್ವಿಯೆಟೊಗೆ ಮೀಸಲಿಟ್ಟು, ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಹಿಂದಿರುಗುವ ಯೋಚನೆಯಿದೆ. ಹತ್ತು ಜನರನ್ನು ಮೀರದ ಗುಂಪನ್ನು ಸ್ಥಳೀಯ ಗೈಡ್ ಒಬ್ಬರು ಎರಡು-ಎರಡೂವರೆ ಗಂಟೆ ಊರಿನೊಳಗೆ ನಡೆಸಿಕೊಂಡು ಹೋಗುವ ಪ್ರವಾಸಗಳು ಅಲ್ಲಿವೆ ಎಂದು ತಿಳಿಯಿತು. ಅದಕ್ಕೆ ಕೊಡುವ ಹಣ ಸಾರ್ಥಕವೇ, ಅಥವಾ ಒಂದು ನಕ್ಷೆಯನ್ನು ಹಿಡಿದು ನಾವೇ ಸುತ್ತಿದರೆ ಸಾಕೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ತಾಯಿಯವರಿಗೆ ಸಮತಟ್ಟಾದ ಜಾಗದಲ್ಲಿ ಎಷ್ಟು ನಡೆದರೂ ತೊಂದರೆಯಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಶಿಲ್ಪ, ಚಿತ್ರಗಳ ಮುಂದೆ ಅವರು ನಿಂತೇ ಬಿಡುವವರು. ಅವಸರಪಡಿಸಿದರೆ ಆ ದಿನವೇ ಕೆಟ್ಟಿತು ಎನ್ನುತ್ತಾರೆ. ಗುಡ್ಡದ ಮೇಲಿನ ಊರು ಎಂದಾಗ ಏರಿಳಿತ ಎಷ್ಟಿರುತ್ತದೆ, ನೆಲದಡಿಯ ಗುಹೆಗಳೂ ಆಳವಾದ ಬಾವಿಯೂ ಇಂತಹ ಪ್ರವಾಸದಲ್ಲಿಯೇ ಸೇರಿರುತ್ತವೆಯೇ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನು ಅಂತಹ ಸಣ್ಣ ಗುಂಪಿನೊಂದಿಗೇ ಒರ್ವಿಯೆಟೊ ನೋಡಿದವನು. ಆದ್ದರಿಂದ ಪಕ್ಷಪಾತವಿದ್ದರೆ ಕ್ಷಮಿಸಿ. ಮೊದಲು ಏರಿಳಿತದ ವಿಷಯ. ಒರ್ವಿಯೆಟೊ ನಿಂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ರೂಪುಗೊಂಡ ಮೆದುವಾದ ಬಂಡೆಯ ಮೇಲೆ. ಬಂಡೆಯ ಅಂಚುಗಳು ಗೋಡೆಯಂತೆ ಕಡಿದಾಗಿದ್ದರೂ ನೆತ್ತಿ ಬಹುಮಟ್ಟಿಗೆ ಚಪ್ಪಟೆಯಾಗಿದೆ. ರೈಲು ನಿಲ್ದಾಣ ಇರುವುದು ಕೆಳಗಿನ ಬಯಲಿನಲ್ಲಿ. ಅದರ ಎದುರಿನಿಂದಲೇ ಹಗ್ಗ ಎಳೆಯುವ ಇಳಿಜಾರಿನ ರೈಲು, ಅಂದರೆ ಫ್ಯುನಿಕ್ಯುಲರ್, ಕೆಲವೇ ನಿಮಿಷಗಳಲ್ಲಿ ನಿಮ್ಮನ್ನು ಪಿಯಾತ್ಸಾ ಕಾಹೆನ್ ಎಂಬ ಚೌಕಕ್ಕೆ ತಲುಪಿಸುತ್ತದೆ. 1888ರಲ್ಲಿ ಆರಂಭವಾದಾಗ ಅದು ನೀರಿನ ಭಾರದಿಂದ ಓಡುತ್ತಿತ್ತು. ನಡುವೆ ನಿಂತುಹೋಗಿದ್ದು, 1990ರಿಂದ ವಿದ್ಯುತ್ತಿನಿಂದ ಓಡುತ್ತಿದೆ. ಅಲ್ಲಿಂದ ಊರಿನ ಮುಖ್ಯ ಚರ್ಚಾದ ಕೆಥೆಡ್ರಲ್‌ವರೆಗೆ ಚಿಕ್ಕ ಬಸ್ಸಿದೆ. ನಡೆದರೂ ಸೌಮ್ಯವಾದ ಏರಿನ ಕಾಲು ಗಂಟೆಯ ದಾರಿ. ಹೀಗಾಗಿ ಬೆಟ್ಟ ಹತ್ತುವ ಶ್ರಮ ನಿಮ್ಮ ತಾಯಿಯವರಿಗೆ ಇಲ್ಲವೇ ಇಲ್ಲ. ಕಲ್ಲು ಹಾಸಿದ ಓಣಿಗಳು ಮಳೆ ಬಿದ್ದಾಗ ಜಾರುತ್ತವೆ, ಹಿಡಿತವಿರುವ ಬೂಟುಗಳಿರಲಿ.

ಇನ್ನು ಗೈಡ್ ಬೇಕೇ ಎಂಬ ಪ್ರಶ್ನೆ. ನನ್ನ ಉತ್ತರ ಬಹುಪಾಲು ಕೆಥೆಡ್ರಲ್‌ನ ಮುಂಭಾಗವನ್ನೇ ಅವಲಂಬಿಸಿದೆ. 1290ರಲ್ಲಿ ನಾಲ್ಕನೆಯ ನಿಕೋಲಸ್ ಪೋಪರಿಂದ ಅಡಿಗಲ್ಲು ಹಾಕಿಸಿಕೊಂಡ ಈ ಕಟ್ಟಡದ ಪಕ್ಕದ ಗೋಡೆಗಳು ಬಿಳಿಯ ಟ್ರಾವರ್ಟೈನ್ ಮತ್ತು ಕಪ್ಪು ಬಸಾಲ್ಟ್ ಕಲ್ಲುಗಳ ಅಡ್ಡಪಟ್ಟೆಗಳಿಂದ ಕೂಡಿವೆ. ಎದುರಿಗೆ ನಿಂತ ಯಾರೇ ಆಗಲಿ ಮೊದಲು ತಲೆಯೆತ್ತಿ ಮೇಲಿನ ಚಿನ್ನದ ಬಣ್ಣದ ಮೊಸಾಯಿಕ್‌ಗಳನ್ನು ನೋಡುತ್ತಾರೆ. ಆದರೆ ಆ ಮೊಸಾಯಿಕ್‌ಗಳಲ್ಲಿ ಬಹಳಷ್ಟು ನಂತರದ ಶತಮಾನಗಳಲ್ಲಿ ಮತ್ತೆ ಮಾಡಿದವು. ಹದಿನಾಲ್ಕನೆಯ ಶತಮಾನದ ನಿಜವಾದ ಸಂಪತ್ತು ಇರುವುದು ಬಾಗಿಲುಗಳ ಅಕ್ಕಪಕ್ಕದ ನಾಲ್ಕು ಕಂಬಗೋಡೆಗಳ ಮೇಲೆ. 1310ರಲ್ಲಿ ಕೆಲಸದ ಹೊಣೆ ಹೊತ್ತ ಲೊರೆಂಜೊ ಮೈತಾನಿ ಮತ್ತು ಅವನ ಕಾಲದ ಶಿಲ್ಪಿಗಳು ಕೊರೆದ ಉಬ್ಬುಶಿಲ್ಪಗಳು ಅವು. ಎಡಗಡೆಯದರಲ್ಲಿ ಸೃಷ್ಟಿಯ ಕಥೆ ಆರಂಭವಾಗಿ ಬಲಗಡೆಯದರಲ್ಲಿ ಅಂತಿಮ ತೀರ್ಪಿಗೆ ಮುಗಿಯುತ್ತದೆ. ಪುಸ್ತಕ ಓದಿದ ಹಾಗೆ ಎಡದಿಂದ ಬಲಕ್ಕೆ ಸರಿಯಬೇಕು. ನಮ್ಮ ಗೈಡ್ ಮೊದಲ ಕಂಬಗೋಡೆಯ ಮುಂದೆ ನಮ್ಮನ್ನು ಹತ್ತಿರ ಕರೆದು, ನಿದ್ರಿಸುತ್ತಿರುವ ಬೈಬಲಿನ ಮೊದಲ ಮನುಷ್ಯ ಆದಾಮನ ಮೇಲೆ ದೇವರು ಬಾಗಿ ಪಕ್ಕೆಲುಬು ತೆಗೆಯುವ ದೃಶ್ಯವನ್ನು ತೋರಿಸಿದರು. ಶಸ್ತ್ರಚಿಕಿತ್ಸಕನ ಏಕಾಗ್ರತೆ ಆ ಬೆನ್ನಿನಲ್ಲಿದೆ, ಆದಾಮನ ಸಡಿಲವಾದ ಮೈಯಲ್ಲಿ ಗಾಢ ನಿದ್ರೆಯಿದೆ. ಹತ್ತು ಜನರಿದ್ದುದರಿಂದ ಎಲ್ಲರಿಗೂ ಅದು ಕಂಡಿತು. ಅದೇ ಹೊತ್ತಿಗೆ ಪಕ್ಕದಲ್ಲಿ ನಲವತ್ತು ಜನರ ಗುಂಪೊಂದು ಬಂದು, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ವಿವರಣೆ ಕೇಳುತ್ತ ಚೌಕದ ನಡುವೆಯೇ ನಿಂತು, ಮುಂದೆ ಹೊರಟಿತು. ಸಣ್ಣ ಗುಂಪಿಗೆ ಹೆಚ್ಚು ಹಣ ಕೊಡುವುದು ಏಕೆಂದು ನನಗೆ ಅರ್ಥವಾದದ್ದು ಆಗ.

ಕಾಯ್ದಿರಿಸುವ ಮೊದಲು ಕೆಥೆಡ್ರಲ್‌ನ ಒಳಗಿನ ಸಾನ್ ಬ್ರಿಜಿಯೊ ಪ್ರಾರ್ಥನಾಮಂದಿರ ಪ್ರವಾಸದಲ್ಲಿ ಸೇರಿದೆಯೇ, ಅದರ ಟಿಕೆಟ್ ಪ್ರತ್ಯೇಕವೇ ಎಂದು ಬರವಣಿಗೆಯಲ್ಲಿಯೇ ಕೇಳಿ. ಕೆಲವು ಪ್ರವಾಸಗಳು ಕೆಥೆಡ್ರಲ್ ಎದುರು ಇಪ್ಪತ್ತು ನಿಮಿಷ ಮಾತನಾಡಿ ಒಳಗೆ ಕಾಲಿಡದೆಯೇ ಮುಂದೆ ಸಾಗುತ್ತವೆ. ಇಟಲಿಯಲ್ಲಿ ಗೈಡ್ ವೃತ್ತಿಗೆ ಪರವಾನಗಿ ಬೇಕು. ಪರವಾನಗಿ ಪಡೆದವರೇ ಬರುತ್ತಾರೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಲೆಯ ಮುಂದೆ ನಿಂತೇ ಬಿಡುವ ತಾಯಿಯವರಿಗೆ ಗುಂಪು ಎಷ್ಟೇ ಚಿಕ್ಕದಾದರೂ ಗುಂಪೇ. ಒಬ್ಬರು ಕೂರಬೇಕೆನ್ನುತ್ತಾರೆ, ಇನ್ನೊಬ್ಬರಿಗೆ ರೈಲಿನ ಚಿಂತೆ; ಗೈಡ್ ಎಲ್ಲರ ಸರಾಸರಿ ವೇಗದಲ್ಲಿ ನಡೆಸಬೇಕಾಗುತ್ತದೆ. ಒರ್ವಿಯೆಟೊದ ಮೇಲ್ಭಾಗ ಚಿಕ್ಕದು, ದಾರಿ ತಪ್ಪುವುದೂ ಕಷ್ಟ. ಕೊರ್ಸೊ ಕಾವೂರ್ ಎಂಬ ಮುಖ್ಯ ಬೀದಿಯಲ್ಲಿ ನಡೆದರೆ 47 ಮೀಟರ್ ಎತ್ತರದ ಮೊರೊ ಗೋಪುರ ಸಿಗುತ್ತದೆ. ಅದನ್ನೇ ಗುರುತಾಗಿಟ್ಟುಕೊಂಡರೆ ಕೆಥೆಡ್ರಲ್ ಯಾವ ಕಡೆ, ಪಿಯಾತ್ಸಾ ದೆಲ್ಲಾ ರೆಪುಬ್ಲಿಕಾ ಯಾವ ಕಡೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಇಷ್ಟಕ್ಕೆ ಮಾರ್ಗದರ್ಶಕರು ಬೇಕಾಗಿಲ್ಲ.

ಸಾನ್ ಬ್ರಿಜಿಯೊ ಪ್ರಾರ್ಥನಾಮಂದಿರವನ್ನಂತೂ ಮೊದಲೇ ಸ್ವಲ್ಪ ಓದಿಕೊಂಡು ಒಬ್ಬರೇ ನೋಡುವುದು ಉತ್ತಮ. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿಯ ಕೆಲಸವನ್ನು ಆರಂಭಿಸಿ ಬಿಟ್ಟುಹೋದನು. ಅರ್ಧ ಶತಮಾನದ ನಂತರ, 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಅದನ್ನು ಕೈಗೆತ್ತಿಕೊಂಡು 1504ರ ಹೊತ್ತಿಗೆ ಗೋಡೆಗಳೆಲ್ಲ ತುಂಬುವಂತೆ ಲೋಕಾಂತ್ಯದ ದೃಶ್ಯಗಳನ್ನು ಬರೆದನು. ಅಲ್ಲಿ ಕ್ರಿಸ್ತನ ವೇಷದಲ್ಲಿ ಬೋಧಿಸುತ್ತಿರುವ ಕ್ರಿಸ್ತವಿರೋಧಿಯ ಚಿತ್ರವನ್ನು ಮರೆಯದೆ ನೋಡಿ. ಸೈತಾನನು ಅವನ ಕಿವಿಯಲ್ಲಿ ಪಿಸುಗುಡುತ್ತಿದ್ದಾನೆ. ಎಡಗೈ ಯಾರದು, ಬೋಧಕನದೋ ಅವನ ಅಂಗಿಯೊಳಗಿಂದ ಕೈ ತೂರಿಸಿದ ಸೈತಾನನದೋ ಎಂದು ಒಂದು ಕ್ಷಣ ಗೊಂದಲವಾಗುತ್ತದೆ. ಅದೇ ಚಿತ್ರದ ಎಡತುದಿಯಲ್ಲಿ ಕಪ್ಪು ಉಡುಪಿನಲ್ಲಿ ನಿಂತು ನಮ್ಮತ್ತ ನೋಡುತ್ತಿರುವವನು ಸಿನ್ಯೊರೆಲ್ಲಿಯೇ, ಅವನ ಹಿಂದೆ ಇರುವವನು ಫ್ರಾ ಆಂಜೆಲಿಕೊ. ಗುಂಪಿನೊಂದಿಗೆ ಹೋದರೆ ಇದನ್ನೆಲ್ಲ ನೋಡಲು ಸಿಗುವುದು ಹತ್ತು ನಿಮಿಷ. ನಿಮ್ಮ ತಾಯಿಯವರಿಗೆ ಒಂದು ಗಂಟೆಯೂ ಸಾಲದು.

ಗೈಡ್ ಇಲ್ಲದೆ ನೋಡಲಾಗದ್ದು ಒಂದಿದೆ: ನೆಲದಡಿಯ ಒರ್ವಿಯೆಟೊ. ಬಂಡೆ ಮೆದುವಾದ್ದರಿಂದ, ರೋಮನ್ನರಿಗೂ ಮೊದಲು ಇಲ್ಲಿ ನೆಲೆಸಿದ್ದ ಎಟ್ರುಸ್ಕನ್ನರ ಕಾಲದಿಂದಲೂ ಜನ ತಮ್ಮ ಮನೆಗಳ ಅಡಿಯಲ್ಲಿ ಕೊರೆಯುತ್ತಲೇ ಬಂದಿದ್ದಾರೆ. ಇಂದು 1,200ಕ್ಕೂ ಹೆಚ್ಚು ಗುಹೆಗಳು ದಾಖಲಾಗಿವೆ. ಕೆಥೆಡ್ರಲ್ ಚೌಕದಿಂದ ಹೊರಡುವ, ಸುಮಾರು ಒಂದು ಗಂಟೆಯ ಆ ಪ್ರವಾಸದಲ್ಲಿ ಒಳಗೆ ಬಿಡುವುದು ಗೈಡ್ ಜೊತೆಯಲ್ಲಿ ಮಾತ್ರ. ಅಲ್ಲಿ ಎಣ್ಣೆಯ ಗಾಣವಿದೆ. ಆಳ ಕಾಣದ ಎಟ್ರುಸ್ಕನ್ ಬಾವಿಗಳಿವೆ. ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲವಿರುವ ಆ ಬಾವಿಗಳ ಎದುರುಬದುರು ಗೋಡೆಗಳಲ್ಲಿ ಕಾಲಿಡಲು ಕೊರೆದ ಗುಳಿಗಳನ್ನು ಇಂದಿಗೂ ನೋಡಬಹುದು. ಇನ್ನೊಂದು ಕೋಣೆಯ ಗೋಡೆಯ ತುಂಬ ಸಾಲುಸಾಲಾಗಿ ಚೌಕಾಕಾರದ ಗೂಡುಗಳಿವೆ, ಪಾರಿವಾಳಗಳನ್ನು ಆಹಾರಕ್ಕೆಂದು ಸಾಕಿದ್ದ ಜಾಗವದು. ಹಕ್ಕಿಗಳು ಹೊರಗೆ ಹಾರಿ ಮೇಯ್ದು ಹಿಂದಿರುಗಲು ಕಡಿಬಂಡೆಯ ಅಂಚಿನಲ್ಲಿಯೇ ಕಿಟಕಿ ಬಿಟ್ಟಿದ್ದಾರೆ. ಈ ಪ್ರವಾಸಕ್ಕೆ ಹಣ ಕೊಡಿ. ಮೇಲಿನ ಊರನ್ನು ನೀವೇ ನೋಡಿ. ಇದು ನನ್ನ ಸಲಹೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎರಡೂ ಉತ್ತರಗಳನ್ನು ತಾಯಿಯವರಿಗೆ ಓದಿ ಹೇಳಿದೆ. ಪಾರಿವಾಳದ ಗೂಡುಗಳನ್ನು ನೋಡಲೇಬೇಕು ಎನ್ನುತ್ತಿದ್ದಾರೆ. ಆದರೆ ಗುಹೆಗಳಿಗೆ ಇಳಿಯುವ ಮೆಟ್ಟಿಲುಗಳು ಅವರ ಮಂಡಿಗೆ ಕಷ್ಟವಾಗಬಹುದೇ? ನಾನು ಕೇಳಿದ್ದ ಆ ಆಳವಾದ ದೊಡ್ಡ ಬಾವಿಯ ಬಗ್ಗೆ ಯಾರೂ ಹೇಳಲಿಲ್ಲ. ಗೈಡ್‌ಗಳು ಹೇಳುವ ಕಥೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಅನುಮಾನವೂ ಇದೆ.

ಮೂರನೆಯ ಉತ್ತರ

ಮಂಡಿ ನೋವಿರುವವರೊಂದಿಗೆ ಹೋಗಿಬಂದವಳಾದ್ದರಿಂದ ಅದರ ಬಗ್ಗೆಯೇ ಬರೆಯುತ್ತೇನೆ. ಗುಹೆಗಳಲ್ಲಿ ಮೆಟ್ಟಿಲುಗಳಿವೆ, ಒಂದೆರಡು ಕಡೆ ಹಾದಿ ಇಕ್ಕಟ್ಟಾಗಿದೆ. ಆದರೆ ನಡುನಡುವೆ ವಿವರಣೆಗೆಂದು ನಿಲ್ಲುವುದರಿಂದ ಒಂದೇ ಸಮನೆ ಇಳಿಯಬೇಕಾಗುವುದಿಲ್ಲ. ಹೊರಡುವ ಮೊದಲು ಗೈಡ್‌ಗೆ ವಿಷಯ ತಿಳಿಸಿ, ತಾಯಿಯವರನ್ನು ಗುಂಪಿನ ಮುಂಭಾಗದಲ್ಲಿ ನಡೆಸಿ. ಹಿಂದಿರುವವರು ತಾವಾಗಿಯೇ ನಿಧಾನಿಸುತ್ತಾರೆ; ಕೊನೆಯಲ್ಲಿ ನಡೆಯುವವರಿಗೆ ಮಾತ್ರ ಯಾವಾಗಲೂ ಓಡಬೇಕಾದ ಪಾಡು. ಒಳಗೆ ತಂಪಿರುತ್ತದೆ, ಜೂನ್ ಆದರೂ ಒಂದು ಶಾಲು ಇರಲಿ.

ಬಾವಿಯದು ಬೇರೆಯೇ ಲೆಕ್ಕ. 1527ರಲ್ಲಿ ರೋಮ್ ನಗರವನ್ನು ಸೈನಿಕರು ಸೂರೆಗೈದಾಗ ಏಳನೆಯ ಕ್ಲೆಮೆಂಟ್ ಪೋಪ್ ತಪ್ಪಿಸಿಕೊಂಡು ಬಂದು ಆಶ್ರಯ ಪಡೆದದ್ದು ಇಲ್ಲಿ. ಶತ್ರುಗಳು ಮುತ್ತಿಗೆ ಹಾಕಿದರೆ ಬಂಡೆಯ ಮೇಲೆ ನೀರಿಲ್ಲದೆ ಸಾಯಬೇಕಾದೀತೆಂದು ಕಿರಿಯ ಆಂಟೋನಿಯೊ ದಾ ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿಯಿಂದ ಬಾವಿ ತೋಡಿಸಲಾರಂಭಿಸಿದರು. ಅದು ಮುಗಿದದ್ದು 1537ರಲ್ಲಿ, ಅವರು ತೀರಿಕೊಂಡ ಮೇಲೆ. ಐವತ್ತು ಮೀಟರಿಗೂ ಮಿಕ್ಕ ಆಳದ ಈ ಬಾವಿಯ ಸುತ್ತ ಒಂದಕ್ಕೊಂದು ಸೇರದ ಎರಡು ಸುರುಳಿ ದಾರಿಗಳಿವೆ. ಒಂದರಲ್ಲಿ ಖಾಲಿ ಹೇಸರಗತ್ತೆಗಳು ಇಳಿದು, ತಳದ ಸೇತುವೆ ದಾಟಿ, ನೀರು ಹೊತ್ತು ಇನ್ನೊಂದರಲ್ಲಿ ಏರಿ ಬರುತ್ತಿದ್ದವು; ಎದುರುಬದುರಾಗಿ ಒಂದರ ದಾರಿಗೆ ಇನ್ನೊಂದು ಅಡ್ಡವಾಗುವ ಪ್ರಶ್ನೆಯೇ ಇರಲಿಲ್ಲ. ಇಳಿಯಲು 248 ಮೆಟ್ಟಿಲು, ಹತ್ತಲು 248. ಪ್ರಾಣಿಗಳಿಗೆಂದೇ ಮಾಡಿದ್ದರಿಂದ ಮೆಟ್ಟಿಲುಗಳು ಅಗಲವಾಗಿ, ತಗ್ಗಾಗಿವೆ ನಿಜ. ಆದರೂ ಮಂಡಿಗೆ ತೊಂದರೆ ಕೊಡುವುದು ಇಳಿಯುವಿಕೆಯೇ ಆದ್ದರಿಂದ ತಾಯಿಯವರಿಗೆ ಇದು ಬೇಡ. ಬಾವಿ ಇರುವುದು ಫ್ಯುನಿಕ್ಯುಲರ್‌ನ ಮೇಲಿನ ನಿಲ್ದಾಣದ ಪಕ್ಕದಲ್ಲಿಯೇ. ಹಿಂದಿರುಗುವಾಗ ಅವರನ್ನು ಸಮೀಪದ ಕೋಟೆಯ ಉದ್ಯಾನದಲ್ಲಿ ಕೂರಿಸಿ ನೀವೊಬ್ಬರೇ ಇಳಿದು ಬನ್ನಿ.

ಕಥೆಗಳ ವಿಷಯಕ್ಕೆ ಬಂದರೆ, ಒಂದು ಪರೀಕ್ಷೆಯನ್ನು ಹೇಳುತ್ತೇನೆ. 1263ರಲ್ಲಿ ಹತ್ತಿರದ ಬೊಲ್ಸೆನಾದಲ್ಲಿ ಪೂಜೆ ಸಲ್ಲಿಸುತ್ತಿದ್ದ ಪಾದ್ರಿಯೊಬ್ಬನ ಕೈಯಲ್ಲಿನ ಪ್ರಸಾದದಿಂದ ರಕ್ತ ತೊಟ್ಟಿಕ್ಕಿತೆಂದೂ, ಆ ರಕ್ತ ಬಿದ್ದ ಬಟ್ಟೆಯನ್ನು ಇರಿಸಲೆಂದೇ ಈ ಕೆಥೆಡ್ರಲ್ ಕಟ್ಟಿದರೆಂದೂ ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಬಟ್ಟೆ ಇಂದಿಗೂ ಅಲ್ಲಿಯ ಒಂದು ಪ್ರಾರ್ಥನಾಮಂದಿರದಲ್ಲಿದೆ. ನಾಲ್ಕನೆಯ ಅರ್ಬನ್ ಪೋಪ್ 1264ರಲ್ಲಿ ಒರ್ವಿಯೆಟೊದಿಂದಲೇ, ಪ್ರಸಾದವನ್ನು ಕ್ರಿಸ್ತನ ದೇಹವೆಂದು ಗೌರವಿಸುವ ಕಾರ್ಪಸ್ ಕ್ರಿಸ್ಟಿ ಹಬ್ಬವನ್ನು ಇಡೀ ಚರ್ಚಿಗೆ ವಿಧಿಸಿದ್ದು ಇತಿಹಾಸ. ಆದರೆ ಆ ಆಜ್ಞಾಪತ್ರದಲ್ಲಿ ಬೊಲ್ಸೆನಾದ ಪವಾಡದ ಉಲ್ಲೇಖವಿಲ್ಲ. ಒಳ್ಳೆಯ ಗೈಡ್ ಈ ಎರಡನ್ನೂ ಹೇಳಿ, ನಂಬಿಕೆ ಎಲ್ಲಿ ಮುಗಿಯಿತು, ದಾಖಲೆ ಎಲ್ಲಿ ಆರಂಭವಾಯಿತು ಎಂದು ತೋರಿಸುತ್ತಾರೆ. ನಮಗೆ ಸಿಕ್ಕವರು ಹಾಗೆ ಹೇಳಿದ್ದರಿಂದಲೇ ಅವರ ಉಳಿದ ಮಾತುಗಳ ಮೇಲೂ ನನಗೆ ವಿಶ್ವಾಸ ಮೂಡಿತು.

ಹೀಗೆ ಮಾಡಬಹುದು: ಬೆಳಿಗ್ಗೆ ಸಣ್ಣ ಗುಂಪಿನ ಪ್ರವಾಸ, ಮಧ್ಯಾಹ್ನ ವಿಶ್ರಾಂತಿಯ ನಂತರ ಗುಹೆಗಳು, ಆಮೇಲೆ ತಾಯಿಯವರಿಗೆ ಬೇಕಾದಷ್ಟು ಹೊತ್ತು ಸಾನ್ ಬ್ರಿಜಿಯೊ ಮತ್ತು ಉಬ್ಬುಶಿಲ್ಪಗಳು. ಕೆಥೆಡ್ರಲ್‌ನ ಮುಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆಯೇ, ಹಾಗಾಗಿ ಎರಡನೆಯ ಭೇಟಿ ವ್ಯರ್ಥವಾಗುವುದಿಲ್ಲ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಧರಿಸಿ.

ಎರಡನೆಯ ಉತ್ತರ ಬರೆದವರು

ಈ ಕ್ರಮಕ್ಕೆ ನನ್ನ ಆಕ್ಷೇಪವಿಲ್ಲ. ಎರಡನೆಯ ಭೇಟಿಗೆ ಸಮಯ ಉಳಿಯುವುದಾದರೆ ಬೆಳಗಿನ ಗುಂಪು ಹೊರೆಯಾಗದು. ಒಂದು ಎಚ್ಚರಿಕೆ ಮಾತ್ರ. ಕಾರ್ಪಸ್ ಕ್ರಿಸ್ಟಿ ಹಬ್ಬ ಈಸ್ಟರ್ ದಿನವನ್ನು ಅನುಸರಿಸಿ ಮೇ ಕೊನೆಯಲ್ಲಿ ಅಥವಾ ಜೂನ್‌ನಲ್ಲಿ ಬರುತ್ತದೆ. ಇಟಲಿಯಲ್ಲಿ ಅದನ್ನು ಭಾನುವಾರ ಆಚರಿಸುತ್ತಾರೆ. ಅಂದು ಒರ್ವಿಯೆಟೊದಲ್ಲಿ ಮಧ್ಯಯುಗದ ಉಡುಪು ತೊಟ್ಟವರ ದೊಡ್ಡ ಮೆರವಣಿಗೆ ಹೊರಡುತ್ತದೆ. ಮೆರವಣಿಗೆ ನೋಡಬೇಕೆಂದಿದ್ದರೆ ಅಂದೇ ಹೋಗಿ, ಆದರೆ ಚಿತ್ರಗಳನ್ನು ಸಾವಧಾನವಾಗಿ ನೋಡುವ ಆಸೆಯನ್ನು ಬಿಟ್ಟುಬಿಡಿ. ಬೇರೆ ಭಾನುವಾರಗಳಲ್ಲಿಯೂ ಬೆಳಗಿನ ಪೂಜೆಯ ವೇಳೆಗೆ ಪ್ರವಾಸಿಗರ ಪ್ರವೇಶಕ್ಕೆ ಮಿತಿಯಿರುವುದರಿಂದ, ವಾರದ ನಡುವಿನ ದಿನವೊಂದನ್ನು ಆರಿಸಿಕೊಂಡು ಆಮೇಲೆ ಗುಂಪಿನ ಪ್ರವಾಸವನ್ನು ಕಾಯ್ದಿರಿಸಿ.