ವೆಂಟಿಲೇಟರ್ ತೆಗೆದರೂ ಅಪ್ಪನಿಗೆ ಕೈ ಎತ್ತಲು ಆಗುತ್ತಿಲ್ಲ, ಯಾಕೆ?

ಪ್ರಶ್ನೆ

ನ್ಯುಮೋನಿಯಾ ಜೋರಾಗಿ, ಸೋಂಕು ರಕ್ತಕ್ಕೂ ಹರಡಿ ಅಪ್ಪ ಐಸಿಯು ಸೇರಿದ್ದರು. ಈಗ ವೆಂಟಿಲೇಟರ್ ತೆಗೆದಿದ್ದಾರೆ. ರಿಪೋರ್ಟ್ ಎಲ್ಲ ಚೆನ್ನಾಗಿದೆ ಅಂತಾರೆ. ಆದರೆ ಅಪ್ಪನಿಗೆ ಚಮಚ ಬಾಯಿವರೆಗೆ ಎತ್ತಲು ಆಗುತ್ತಿಲ್ಲ. ತೊಡೆ ಸೊರಗಿ ಹೋಗಿದೆ. ಸ್ಟ್ರೋಕ್ ಆಗಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನಾಳೆ ಎಬ್ಬಿಸಿ ಕೂರಿಸುತ್ತಾರಂತೆ. ಇಷ್ಟು ನಿತ್ರಾಣ ಇರುವಾಗ ಬೇಕಾ? ಇನ್ನೂ ಸ್ವಲ್ಪ ದಿನ ಮಲಗಿದ್ದರೆ ಶಕ್ತಿ ಬರಲ್ವಾ?

ಉತ್ತರ (ಐಸಿಯು ಫಿಸಿಯೋಥೆರಪಿಸ್ಟ್)

ಬರಲ್ಲ, ಇರುವುದೂ ಹೋಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ 5 ಗಟ್ಟಿಮುಟ್ಟಾದ ಹುಡುಗರನ್ನು 3 ವಾರ ಸುಮ್ನೆ ಮಲಗಿಸಿದ್ದರು. 30 ವರ್ಷದ ನಂತರ ಅವರನ್ನೇ ಮತ್ತೆ ಪರೀಕ್ಷೆ ಮಾಡಿದರು. ಅಷ್ಟು ವಯಸ್ಸಾದರೂ ಅವರ ದೇಹದ ಕಸುವು ಆ 3 ವಾರದಲ್ಲಿ ಕುಗ್ಗಿದಷ್ಟು ಕುಗ್ಗಿರಲಿಲ್ಲ! ಅವರಿಗೆ ಕಾಯಿಲೆಯೇ ಇರಲಿಲ್ಲ ಅನ್ನೋದು ನೆನಪಿರಲಿ.

ನಿಮ್ಮ ತಂದೆಯವರಿಗೆ ಮಲಗಿದ್ದರ ಜೊತೆಗೆ ಸೋಂಕೂ ಇತ್ತು. ಅದರ ಉರಿಯೂತ ಸ್ನಾಯುವನ್ನು ಕರಗಿಸುತ್ತದೆ, ನರಗಳನ್ನೂ ಕೆಡಿಸಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. 10 ದಿನದಲ್ಲಿ ತೊಡೆಯ ಮುಂಭಾಗದ ಸ್ನಾಯು ಸುಮಾರು 18% ಸಣ್ಣದಾಗಿತ್ತು. ಹೊರಗೆ ಕಾಣದ ವಪೆಯೂ (ಎದೆ-ಹೊಟ್ಟೆ ನಡುವೆ ಇರುವ ಉಸಿರಾಟದ ಸ್ನಾಯು) ಹಾಗೇ. ಉಸಿರಾಟದ ಕೆಲಸ ಯಂತ್ರವೇ ಮಾಡಿದರೆ ಅದೂ ತೆಳುವಾಗುತ್ತದೆ.

ನಾವು ಕೈಕಾಲುಗಳ 12 ಕಡೆ ಬಲ ನೋಡಿ, ಒಂದೊಂದಕ್ಕೆ 5ರಂತೆ 60ಕ್ಕೆ ಅಂಕ ಕೊಡುತ್ತೇವೆ. 48ಕ್ಕಿಂತ ಕಡಿಮೆ ಬಂದರೆ ಐಸಿಯುನಿಂದ ಬಂದ ನಿಶ್ಶಕ್ತಿ ಅಂತ ಲೆಕ್ಕ. ತಂದೆಯವರದು ಎಷ್ಟು ಅಂತ ಕೇಳಿ ನೋಡಿ. "ಮನಸ್ಸು ಮಾಡಿದ್ರೆ ಎತ್ತಬಹುದು" ಅಂತ ಮಾತ್ರ ಯಾರೂ ಅವರಿಗೆ ಹೇಳಬೇಡಿ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಕೂರಿಸುವುದು ಅಂದರೆ ಒಮ್ಮೆಲೇ ಕುರ್ಚಿಗೆ ಎತ್ತಿ ಹಾಕುವುದಲ್ಲ. ಮೊದಲು ಹಾಸಿಗೆಯ ತಲೆಭಾಗ ಏರಿಸುತ್ತೇವೆ. ಆಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಡಿಸುತ್ತೇವೆ. ಬಿಪಿ ಬಿದ್ದರೆ, ಆಕ್ಸಿಜನ್ ಇಳಿದರೆ ಮತ್ತೆ ಮಲಗಿಸುತ್ತೇವೆ.

ಪ್ರಶ್ನೆ ಕೇಳಿದವರು

ಧನ್ಯವಾದ ಮೇಡಂ. ಹಾಗಾದ್ರೆ ಎಷ್ಟು ಜಾಸ್ತಿ ಮಾಡಿಸಿದರೆ ಅಷ್ಟು ಒಳ್ಳೆಯದಾ? ನಾನೂ ಕೈಕಾಲು ಮಡಚಿಸಬಹುದಾ?

ಐಸಿಯು ಫಿಸಿಯೋಥೆರಪಿಸ್ಟ್

ಅಲ್ಲೇ ಎಲ್ಲರೂ ಎಡವೋದು. 2009ರ ಅಧ್ಯಯನದಲ್ಲಿ ವೆಂಟಿಲೇಟರ್‌ನಲ್ಲಿದ್ದಾಗಲೇ ವ್ಯಾಯಾಮ ಶುರು ಮಾಡಿಸಿದವರಲ್ಲಿ 59% ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಉಳಿದವರಲ್ಲಿ 35%. ಬೇಗ ಶುರು ಮಾಡಿದವರಿಗೆ ಭ್ರಮೆ, ಗೊಂದಲ ಕೂಡ ಕಡಿಮೆ ದಿನ ಇತ್ತು. ಆದರೆ 2022ರಲ್ಲಿ 750 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ, ಮಾಮೂಲಿಗಿಂತ ಹೆಚ್ಚು ಮಾಡಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ತೊಂದರೆಗಳು ಜಾಸ್ತಿಯಾದವು. ಹಾಗಾಗಿ ಹದ ನೋಡಬೇಕು. ಫಿಸಿಯೋ ತೋರಿಸಿಕೊಟ್ಟದ್ದನ್ನು ಮಾತ್ರ ಮಾಡಿ. ಟ್ಯೂಬ್ ಇರುವ ಕೈಯನ್ನು, ಭುಜವನ್ನು ಎಳೆಯಬೇಡಿ. ಪಾದ ಕೆಳಕ್ಕೆ ಜೋತು ಬೀಳದಂತೆ ಏನು ಇಡಬೇಕು ಅಂತಲೂ ಕೇಳಿಕೊಳ್ಳಿ. ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಹಾಕಿ. ನಾವು ಹೇಳುವುದು ಕೇಳಿಸದಿದ್ದರೆ ಅವರು ಹೇಗೆ ಸಹಕರಿಸುತ್ತಾರೆ, ಹೇಳಿ.

ಇನ್ನೊಬ್ಬರು

ನಾನೂ ಅಂಥದೇ ಐಸಿಯು ಹಾಸಿಗೆಯಲ್ಲಿದ್ದವನು. ಮೊದಲ ಸಲ ಕೂತಾಗ ತಲೆ ಗಿರ್ ಅಂತು, ಮುಂದಕ್ಕೆ ಬಿದ್ದೇ ಬಿಡ್ತೀನಿ ಅನಿಸಿತ್ತು. ಹೀಗಾಗಬಹುದು, ಹಿಡ್ಕೊಳ್ಳೋಕೆ ಇಬ್ಬರು ಇರ್ತಾರೆ ಅಂತ ಇವತ್ತೇ ನಿಮ್ಮ ತಂದೆಗೆ ಹೇಳಿಡಿ. ನನಗೆ ಯಾರೂ ಹೇಳಿರಲಿಲ್ಲ.