ಐದು ಬ್ಯಾಕ್ ಇದ್ದವನನ್ನೇ ಕರೆದು ಕೆಲಸ ಕೊಡುವ ದೇಶ

ಭಾನುವಾರ ಮಧ್ಯಾಹ್ನ ಚಿತ್ರಾನ್ನ ಮುಗಿದು, ತಟ್ಟೆ ತೊಳೆಯುವವರು ಯಾರು ಅನ್ನುವ ಮಾತು ಶುರುವಾಗುವ ಹೊತ್ತಿಗೆ ನಂದಿ ಲ್ಯಾಪ್‌ಟಾಪ್ ತೆರೆದು ಕೂತ. ತಟ್ಟೆ ಪಾಳಿ ಅವತ್ತು ಅವನದೇ. ಏನೋ ತುರ್ತು ಕೆಲಸ ಬಂದಿರಲೇಬೇಕು ಅಂತ ನಮಗೆಲ್ಲ ಗೊತ್ತಾಯಿತು.

ನಾವಿರುವುದು ಫ್ರಾನ್ಸಿನ ಲಿಯೋನ್ ಪಕ್ಕದ ವಿಲ್ಯೂರ್ಬಾನ್‌ನಲ್ಲಿ. ಮೂರನೇ ಮಹಡಿಯ ಬಾಡಿಗೆ ಮನೆ. ಹಾಸನದ ನಂದಿ, ಧಾರವಾಡದ ಸುಧಾ ಮತ್ತು ನಾನು. ಭಾನುವಾರದ ಊಟಕ್ಕೆ ರಘಣ್ಣ ಬರುತ್ತಾರೆ. ಅವರು ಇಲ್ಲಿಗೆ ಬಂದು 11 ವರ್ಷ. ಫ್ರೆಂಚಿನಲ್ಲಿ ಜಗಳ ಆಡಿ ಗೆಲ್ಲುವಷ್ಟು ಭಾಷೆ ಬರುತ್ತದೆ.

ನಂದಿಗೆ ಸಣ್ಣದೊಂದು ಕೆಲಸ ಸಿಕ್ಕಿತ್ತು. ಪರೀಕ್ಷೆಗೆ ಓದುವ ಹುಡುಗರಿಗೆ ಅಂತ ಯಾರೋ ಮಾಡಿದ ಇಂಗ್ಲಿಷ್ ಆ್ಯಪ್. ಅದರ ಗುಂಡಿಗಳ ಮೇಲಿರುವ ಮಾತನ್ನೆಲ್ಲ ಫ್ರೆಂಚಿಗೆ ತರಬೇಕು. ಒಟ್ಟು 300. ನಾಳೆ ಬೆಳಿಗ್ಗೆ 9 ಗಂಟೆಗೆ ಕಳಿಸಬೇಕು.

"ಎಷ್ಟಾಯಿತು?" ಅಂದೆ.

"ಎರಡು."

"ಯಾವ ಎರಡು?"

"ಕ್ರ್ಯಾಮ್ ಮೋಡ್, ಹಿಟ್ ದ ಬುಕ್ಸ್. ಮೊದಲನೆಯದಕ್ಕೆ 'ಮೋದ್ ಬುರೆ' ಅಂತ ಹಾಕಿದ್ದೀನಿ. ಕ್ರ್ಯಾಮ್ ಅಂದರೆ ತುರುಕುವುದು. ತುರುಕುವುದಕ್ಕೆ ಫ್ರೆಂಚಿನಲ್ಲಿ ಬುರೆ. ಡಿಕ್ಷನರಿಯಲ್ಲೇ ಇದೆ, ನೋಡಿ ಬೇಕಾದರೆ."

ರಘಣ್ಣ ಕಾಫಿ ಲೋಟ ಕೆಳಗಿಟ್ಟರು. "ಡಿಕ್ಷನರಿಯಲ್ಲಿ ಇನ್ನೂ ಒಂದು ಸಾಲು ಕೆಳಗೆ ಓದಬೇಕಿತ್ತು. ಇಲ್ಲಿ ಯಾರನ್ನಾದರೂ ಬುರೆ ಅಂದರೆ ಕುಡಿದು ಟೈಟ್ ಆಗಿದ್ದಾನೆ ಅಂತ. ನಿನ್ನ ಆ್ಯಪಿನಲ್ಲಿ ಪರೀಕ್ಷೆ ಹಿಂದಿನ ರಾತ್ರಿ ಹುಡುಗ ಗುಂಡಿ ಒತ್ತಿದರೆ, ಗುಂಡು ಹಾಕು ಅಂದ ಹಾಗಾಗುತ್ತದೆ."

"ಹಾಗಾದರೆ ಬುರಾಜ್ ದ ಕ್ರಾನ್? ತಲೆಬುರುಡೆಗೆ ತುಂಬುವುದು."

"ಅದು ಸುಳ್ಳು ಪ್ರಚಾರಕ್ಕೆ ಹೇಳುವ ಮಾತು ಮಾರಾಯ. ಒಂದನೇ ಮಹಾಯುದ್ಧದ ಕಾಲದಲ್ಲಿ ಪತ್ರಿಕೆಗಳು ಬರೆಯುತ್ತಿದ್ದ ಗೆಲುವಿನ ಕತೆಗಳನ್ನು ಓದಿ, ಕಂದಕದಲ್ಲಿ ಕೂತ ಸೈನಿಕರು ಹೀಗೆ ಅನ್ನುತ್ತಿದ್ದರು."

"ಅಂದರೆ ಬುರುಡೆ ಬಿಡುವುದು."

"ಹ್ಞಾಂ. ಅದು ಬುರುಡೆಗೆ ಬುರುಡೆ. ನಿನ್ನದಕ್ಕೆ ಸರಿಯಾದ ಮಾತು ಬಾಶೊತೆ."

ಎರಡನೆಯದು, ಹಿಟ್ ದ ಬುಕ್ಸ್, ಅಂದರೆ ಕೂತು ಚೆನ್ನಾಗಿ ಓದು ಅಂತ. ಅದಕ್ಕೆ ನಂದಿ 'ಪುಸ್ತಕಗಳಿಗೆ ಹೊಡೆಯಿರಿ' ಅಂತಲೇ ಫ್ರೆಂಚಿನಲ್ಲಿ ಬರೆದಿದ್ದ. ಅದನ್ನು ನೋಡಿ ಸುಧಾಳಿಗೆ ತಡೆಯಲಾಗಲಿಲ್ಲ. "ಏ ನಂದಿ, ನೀ ಇಂಗ್ಲಿಷಿಂದ ಫ್ರೆಂಚಿಗೆ ಸೀದಾ ಹಾರಬ್ಯಾಡ. ನಡುವ ಕನ್ನಡದಾಗ ಒಂದು ಸ್ಟಾಪ್ ಕೊಡು. ಹಾಸ್ಟೆಲ್ನ್ಯಾಗ ನಾವು ಏನಂತಿದ್ವಿ ಅದನ್ನ ನೆನಸ್ಕೊ. ಆಮ್ಯಾಲ ಇಲ್ಲಿ ಹುಡುಗರು ಏನಂತಾರ ಕೇಳು."

ಧಾರವಾಡದವರು ತಮಾಷೆಗೆ ಹೇಳಿದ್ದೂ ಸಿದ್ಧಾಂತದ ಹಾಗೆ ಕೇಳಿಸುತ್ತದೆ. ಆದರೆ ಇದು ನಿಜಕ್ಕೂ ಕೆಲಸಕ್ಕೆ ಬಂತು. ಕನ್ನಡದಲ್ಲಿ ವಿದ್ಯಾರ್ಥಿಯ ಬದುಕೇ ಹೊಡೆತ. ಉರು ಹೊಡೆಯುತ್ತಾನೆ, ಬಂಕ್ ಹೊಡೆಯುತ್ತಾನೆ, ಕಾಪಿ ಹೊಡೆಯುತ್ತಾನೆ, ಕೊನೆಗೆ ಡುಮ್ಕಿ ಹೊಡೆಯುತ್ತಾನೆ. ಇಲ್ಲಿಯವರದು ಸೌದೆ ಒಡೆಯುವ ವ್ಯವಹಾರ. ಬ್ಯೂಶ್ ಅಂದರೆ ಮರದ ದಿಮ್ಮಿ. ಬ್ಯೂಶೆ ಅಂದರೆ ಮೈಮುರಿದು ಓದುವುದು. ನಮ್ಮ ಕುಡುಮಿ ಇಲ್ಲಿ ಬ್ಯೂಶರ್. ಕೊಡಲಿ ಒಂದು ಕೈಯಲ್ಲಿಲ್ಲ ಅಷ್ಟೇ.

"ಬರೀ 'ಸ್ಟಡಿ' ಅಂತ ಒಂದು ಗುಂಡಿ ಇದೆ. ಅದು ಸುಲಭ, ಎತ್ಯುದಿಯೆ," ಅಂದ ನಂದಿ.

ಅದೂ ಅಷ್ಟು ಸುಲಭ ಅಲ್ಲ. ಕೆನಡಾದ ಕೆಬೆಕ್‌ನಲ್ಲಾದರೆ ಪರೀಕ್ಷೆಗೆ ಓದುವುದಕ್ಕೆ ಎತ್ಯುದಿಯೆ ಅಂದರೆ ನಡೆಯುತ್ತದೆ. ಫ್ರಾನ್ಸಿನ ಹುಡುಗರು ರೆವಿಝೆ ಅನ್ನುತ್ತಾರೆ. ರಿವಿಷನ್ ಮಾಡುವುದು ಅಂತ. ಮೊದಲ ಸಲ ಓದುತ್ತಿದ್ದರೂ ರಿವಿಷನ್ನೇ. ಇಂಥ ಪ್ರಾಮಾಣಿಕತೆ ನಮ್ಮ ಕಾಲೇಜುಗಳಲ್ಲೂ ಇತ್ತು ಅಲ್ವಾ.

ಇದೇ ಹೊತ್ತಿಗೆ ನಂದಿ ಕೇಳಬಾರದ ಪ್ರಶ್ನೆ ಕೇಳಿದ. "ಬಾಶೊತೆ ಅನ್ನುವುದು ಎಲ್ಲಿಂದ ಬಂತು?"

"ಬಾಕ್‌ನಿಂದ. ಬಾಕ್‌ಗೆ ಮೊದಲು ಪ್ರೀತಿಯಿಂದ ಬಾಶೊ ಅನ್ನುತ್ತಿದ್ದರು," ಅಂದರು ರಘಣ್ಣ. ಮೂವರೂ ನನ್ನ ಕಡೆ ತಿರುಗಿದರು. ನನ್ನ ಮಾನ ಹೋದ ಕತೆ ಹೊಸಬರು ಸಿಕ್ಕಾಗೆಲ್ಲ ಹೇಳಿಸುತ್ತಾರೆ. ಅವತ್ತು ಹೊಸಬರೂ ಇರಲಿಲ್ಲ.

ಆಗಿದ್ದು ಇಷ್ಟು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ 'ಬ್ಯಾಕ್' ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಫೇಲಾದ ಪೇಪರು. ಎಷ್ಟು ಬ್ಯಾಕ್ ಇದೆ ಅಂತ ಕೇಳುವುದು ಎಷ್ಟು ಸಾಲ ಇದೆ ಅಂತ ಕೇಳಿದ ಹಾಗೆ. ಫ್ರಾನ್ಸಿನಲ್ಲಿ ಬಾಕ್ ಅಂದರೆ ಬಕಾಲೊರೆಯಾ. ನಮ್ಮ ಪಿಯುಸಿ ಮುಗಿದ ಹಾಗೆ. 1808ರಲ್ಲಿ ನೆಪೋಲಿಯನ್ ಕಾಲದಲ್ಲಿ ಶುರುವಾದದ್ದು. ಮರುವರ್ಷ ಮೊದಲ ಸಲ ಪಾಸಾದವರು 31 ಜನ. ಅದೋ ಅದಕ್ಕೆ ಸಮನಾದದ್ದೋ ಇಲ್ಲದೆ ಯೂನಿವರ್ಸಿಟಿ ಬಾಗಿಲು ತೆರೆಯುವುದಿಲ್ಲ. ಇದು ನನಗೆ ಈಗ ಗೊತ್ತು.

ಬಂದ ಮೊದಲ ವಾರ ದಾಖಲಾತಿಗೆ ಹೋಗಿದ್ದೆ. ಕಿಟಕಿಯ ಆಚೆ ಇದ್ದ ಹೆಂಗಸು ನನ್ನ ಕಾಗದ ತಿರುವಿ, "ನಿಮ್ಮ ಬಾಕ್?" ಅಂದರು. ನನಗೆ ಎದೆಯುಬ್ಬಿತು. ಇಂಥ ಪ್ರಶ್ನೆ ಕೇಳಲಿ ಅಂತಲೇ ಎಂಟು ಸೆಮಿಸ್ಟರ್ ಕಾದಿದ್ದೆ. "ಬಾಕ್ ಇಲ್ಲ ಮದಾಮ್! ಒಂದೂ ಇಲ್ಲ! ಎಲ್ಲ ಪರೀಕ್ಷೆ ಪಾಸೆ!" ಅಂದೆ.

ಅದರಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಫ್ರೆಂಚಿನಲ್ಲಿ ಪಾಸೆ ಅಂದರೆ ಪರೀಕ್ಷೆಗೆ ಕೂತೆ ಅಂತ ಮಾತ್ರ. ಪಾಸಾದೆ ಅನ್ನಲು ರೆಯುಸಿರ್ ಅನ್ನಬೇಕು. ಹಾಗಾಗಿ ಆಕೆಗೆ ಕೇಳಿಸಿದ್ದು ಹೀಗೆ: ನಾನು ಎಲ್ಲ ಪರೀಕ್ಷೆಗೂ ಕೂತಿದ್ದೇನೆ, ಪಿಯುಸಿ ಆಗಿಲ್ಲ, ಮತ್ತು ಅದರ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ.

"ಒಂದೂ ಇಲ್ಲವೇ?" ಅಂದರು ಆಕೆ ಮೆಲ್ಲಗೆ.

"ಯಾವತ್ತೂ ಇರಲಿಲ್ಲ!" ಅಂದೆ.

ಆಕೆ ಒಳಗೆ ಹೋಗಿ ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಇಬ್ಬರೂ ಚಿಕ್ಕ ಮಗುವಿನ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ಕೊನೆಗೆ ಬ್ಯಾಗಿನಲ್ಲಿದ್ದ ಪಿಯುಸಿ ಅಂಕಪಟ್ಟಿ ನನ್ನನ್ನು ಉಳಿಸಿತು.

"ಚಿಕ್ಕಪ್ಪನ ಕತೆ ಬಿಟ್ಟಿಯಲ್ಲ," ಅಂದಳು ಸುಧಾ.

ಅದೂ ಆಗಿಹೋಗಲಿ. ಇಲ್ಲಿ ಓದಿನ ಲೆಕ್ಕ ಬಾಕ್‌ನಿಂದ ಶುರು. ಡಿಗ್ರಿ ಅಂದರೆ ಬಾಕ್ ಪ್ಲಸ್ 3, ಮಾಸ್ಟರ್ ಅಂದರೆ ಬಾಕ್ ಪ್ಲಸ್ 5, ಡಾಕ್ಟರೇಟ್ ಅಂದರೆ ಬಾಕ್ ಪ್ಲಸ್ 8. ಅದಾದ ಮೇಲೆ ಎಷ್ಟು ವರ್ಷ ಓದಿದ್ದಾನೆ ಅಂತ. ನಾನು ಅರ್ಜಿ ಹಾಕಿದ ಕೆಲಸದ ಜಾಹೀರಾತನ್ನು ತಿಪಟೂರಿನ ಚಿಕ್ಕಪ್ಪನಿಗೆ ಕಳಿಸಿದ್ದೆ. ಅವರ ಮಗನೂ ಎಂಜಿನಿಯರಿಂಗ್. ಅವನು ಓದಿ ಹೇಳಿದನಂತೆ, 'ಐದು ಬ್ಯಾಕ್ ಇರುವವರೇ ಬೇಕಂತೆ' ಅಂತ. ಚಿಕ್ಕಪ್ಪ ಅವತ್ತು ರಾತ್ರಿಯೇ ಫೋನ್ ಮಾಡಿದರು. "ನಮ್ಮವನಿಗೆ ನಾಲ್ಕಿದೆ ಕಣಪ್ಪ. ಇನ್ನೊಂದು ಕಷ್ಟ ಆಗಲಿಕ್ಕಿಲ್ಲ."

ರಘಣ್ಣ ಬಾಕ್ ಪ್ಲಸ್ 8. ಅವರನ್ನು ಚಿಕ್ಕಪ್ಪನಿಗೆ ಇನ್ನೂ ಪರಿಚಯ ಮಾಡಿಸಿಲ್ಲ.

ಅಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ನಂದಿ ನಾಲ್ಕನೇ ಗುಂಡಿಗೆ ಬಂದಿದ್ದ. ಬ್ರಷ್ ಅಪ್. "ಬ್ರೊಸ್ಸೆ," ಅಂದ, ಸ್ವಲ್ಪ ಅಳುಕಿನಿಂದಲೇ.

ಬ್ರಷ್‌ನಿಂದ ಉಜ್ಜುವುದು ಅನ್ನುವುದಕ್ಕೆ ಅದು ಸರಿ. ಆದರೆ ಬೆಲ್ಜಿಯಂನಲ್ಲಿ ಕ್ಲಾಸಿಗೆ ಬ್ರೊಸ್ಸೆ ಅಂದರೆ ಬಂಕ್. 'ನಿಮ್ಮ ಫ್ರೆಂಚ್ ಬ್ರಷ್ ಅಪ್ ಮಾಡಿಕೊಳ್ಳಿ' ಅಂತ ಆ್ಯಪ್ ಹೇಳಿದರೆ, ಬ್ರಸೆಲ್ಸ್‌ನ ಹುಡುಗ 'ಆಗಲಿ' ಅಂತ ಎದ್ದು ಸಿನಿಮಾಗೆ ಹೋಗುತ್ತಾನೆ. ಅದಕ್ಕೆ ಬೇಕಾಗಿದ್ದು ದೆರೂಯೆ, ತುಕ್ಕು ಬಿಡಿಸುವುದು. ಇದು ನಮಗೂ ಹತ್ತಿರ. ಭಾಷೆ ತುಕ್ಕು ಹಿಡಿಯುತ್ತದೆ ಅಂತ ನಾವೂ ಹೇಳುತ್ತೇವೆ.

ಬಂಕ್ ವಿಷಯ ಬಂದಾಗ ರಘಣ್ಣ ಹುರುಪಾದರು. ಒಂದೇ ಫ್ರೆಂಚು, ಗಡಿ ದಾಟಿದರೆ ಬಂಕಿಗೆ ಬೇರೆ ಹೆಸರು. ಸ್ವಿಟ್ಜರ್‌ಲೆಂಡಿನಲ್ಲಿ ಕುರ್ಬೆ, ಅಂದರೆ ಬಗ್ಗಿಸುವುದು. ಕೆಬೆಕ್‌ನಲ್ಲಿ ಫಾಕ್ಸೆ. ಫ್ರಾನ್ಸಿನಲ್ಲಿ ಸೆಶೆ, ಅಂದರೆ ಒಣಗಿಸುವುದು. ಇಲ್ಲಿಯವರು ಕ್ಲಾಸನ್ನು ಬಟ್ಟೆ ಹಾಗೆ ಒಣಹಾಕಿ ಹೋಗುತ್ತಾರೆ.

"ಅದ ಸೆಶೆ ಇನ್ನೊಂದು ಕಡೆನೂ ಬರ್ತದಲ್ರಿ ಅಣ್ಣಾ?" ಅಂದಳು ಸುಧಾ.

ಹೌದು, ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪ್ರಶ್ನೆ ಕೇಳಿದಾಗ ಉತ್ತರ ಹೊಳೆಯದಿದ್ದರೆ 'ಝ ಸೆಶ್' ಅನ್ನುತ್ತಾರೆ. ಒಣಗಿದೆ ಅಂತ. ವೈವಾದಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರ ಎದುರು ಕೂತವನಿಗೆ ಇದನ್ನು ಬಿಡಿಸಿ ಹೇಳಬೇಕಾ? ನಾಲಿಗೆ ಒಣಗುತ್ತದೆ, ಗಂಟಲು ಒಣಗುತ್ತದೆ, ನೀರಿನ ಬಾಟಲಿ ಹೊರಗಡೆ ಬ್ಯಾಗಿನಲ್ಲಿರುತ್ತದೆ. ಈ ಒಣಗುವಿಕೆಗೆ ಒಂದು ಔಷಧಿ ಇದೆ. ಅದರ ಹೆಸರು ಆಂತಿಸೆಶ್. ಒಣಗು ನಿರೋಧಕ. ಹೆಸರು ಕೇಳಿದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಟಾನಿಕ್ ಅನ್ನಿಸುತ್ತದೆ. ನಿಜವಾಗಿ ಅದು ತೋಳಿನೊಳಗೆ ಮಡಚಿಟ್ಟುಕೊಂಡ ಚೀಟಿ!

ನಂದಿ ಖುಷಿಯಿಂದ ಟೈಪ್ ಮಾಡಿದ. ಚೀಟ್ ಶೀಟ್, ಆಂತಿಸೆಶ್.

"ನಿಲ್ಲು," ಅಂದರು ರಘಣ್ಣ. "ಆ್ಯಪಿನಲ್ಲಿ ಅದು ನಿಜಕ್ಕೂ ಚೀಟಿನಾ? ಒತ್ತಿದರೆ ಏನು ಬರುತ್ತದೆ?"

ಒತ್ತಿ ನೋಡಿದೆವು. ಒಂದು ಪುಟದ ಸಾರಾಂಶ ಬಂತು. ಸೂತ್ರಗಳು, ಇಸವಿಗಳು. ಕಳ್ಳತನ ಏನೂ ಇಲ್ಲ. ಇಂಗ್ಲಿಷಿನವರು ಪಾಪದ ಸಾರಾಂಶಕ್ಕೂ ಕಳ್ಳ ಹೆಸರಿಟ್ಟು ಮಜಾ ತೆಗೆದುಕೊಳ್ಳುತ್ತಾರೆ. ಫ್ರೆಂಚಿನವರೂ ತಮಾಷೆಗೆ ಆಂತಿಸೆಶ್ ಅಂದುಬಿಡುತ್ತಾರೆ, ಆದರೆ ಮೇಷ್ಟ್ರು ನೋಡುವ ಜಾಗದಲ್ಲಿ ಫಿಶ್ ಅಂತ ಹಾಕುವುದೇ ವಾಸಿ.

ಫಿಶ್ ಅಂದ ಕೂಡಲೇ ಸುಧಾ ಮುಖ ಗಂಟಿಕ್ಕಿದಳು. ಅವಳು ಬಂದ ಹೊಸತರಲ್ಲಿ, ಜೊತೆಗಿದ್ದ ಫ್ರೆಂಚ್ ಹುಡುಗಿ ಪರೀಕ್ಷೆ ಹತ್ತಿರ ಬಂದ ಹಾಗೆ ದಿನಾ ಹೇಳುತ್ತಿದ್ದಳಂತೆ, 'ಇವತ್ತು ರಾತ್ರಿ ನಾನು ಫಿಶ್ ಮಾಡುತ್ತೇನೆ' ಅಂತ. ಸುಧಾ ಲಿಂಗಾಯತರ ಮನೆಯವಳು. ಮೂರು ದಿನ ಅಡುಗೆಮನೆಗೆ ಹೋಗಲಿಲ್ಲ. ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡಿದ್ದಳು. ನಾಲ್ಕನೇ ದಿನ ಬಾಗಿಲ ಸಂದಿಯಿಂದ ನೋಡಿದರೆ, ಆ ಹುಡುಗಿ ಮೇಜಿನ ಮೇಲೆ ಚೌಕಳಿ ಗೆರೆಯ ದಪ್ಪ ಕಾರ್ಡುಗಳನ್ನು ಹರಡಿಕೊಂಡು ಬಣ್ಣಬಣ್ಣದ ಪೆನ್ನಿನಲ್ಲಿ ನೋಟ್ಸ್ ಬರೆಯುತ್ತಿದ್ದಳು. ಅದೇ ಫಿಶ್.

ಇನ್ನು ಕೆಲವು ಬೇಗ ಮುಗಿದವು. ಫ್ಲಂಕ್ ಅಂದರೆ ಸ ಪ್ಲಾಂತೆ, ತನ್ನನ್ನೇ ನೆಲದಲ್ಲಿ ನೆಟ್ಟುಕೊಳ್ಳುವುದು. ನಮ್ಮ ಡುಮ್ಕಿ ಇದಕ್ಕಿಂತ ಚೆನ್ನಾಗಿದೆ, ಬಿದ್ದ ಸದ್ದಾದರೂ ಕೇಳಿಸುತ್ತದೆ. ಗಾಂಧಿ ಕ್ಲಾಸಿನಲ್ಲಿ ಪಾಸಾದವನಿಗೆ ಇಲ್ಲಿ 'ರಿಕ್‌ರಾಕ್' ಅನ್ನುತ್ತಾರೆ. 20ಕ್ಕೆ 10 ಬಂದರೆ ಪಾಸು, ಹತ್ತೂಚಿಲ್ಲರೆ ಬಂದವನು ರಿಕ್‌ರಾಕ್. 16 ಬಂದರೆ 'ತುಂಬಾ ಚೆನ್ನಾಗಿದೆ' ಅಂತ ಸರ್ಟಿಫಿಕೇಟಿನಲ್ಲೇ ಬರೆದು ಕೊಡುತ್ತಾರೆ. ನನ್ನ ಅಪ್ಪನಿಗೆ ಇದನ್ನು ಎಷ್ಟು ಸಲ ಹೇಳಿದರೂ, "ಉಳಿದ ನಾಲ್ಕು ಎಲ್ಲಿ ಹೋಯಿತು?" ಅನ್ನುತ್ತಾರೆ.

ಟೀಚರ್ಸ್ ಪೆಟ್‌ಗೆ ಸ್ವಲ್ಪ ಜಗಳವಾಯಿತು. ಮೇಷ್ಟ್ರಿಗೇ ಮುದ್ದಾದವನು ಶುಶು. ಮುದ್ದಾಗಬೇಕು ಅಂತ ಬಕೆಟ್ ಹಿಡಿಯುವವನು ಫಾಯೊ. ಫಾಯೊ ಅಂದರೆ ಒಣ ಬೀನ್ಸ್ ಕಾಳು, ಶುಶು ಹುಟ್ಟಿದ್ದು ಎಲೆಕೋಸಿನ 'ಶು'ವಿನಿಂದ. ಕ್ಲಾಸ್‌ರೂಮೋ ತರಕಾರಿ ಮಾರ್ಕೆಟ್ಟೋ! ಆ್ಯಪ್ ಯಾರಿಗಾದರೂ ಬಹುಮಾನ ಅಂತ ಇದನ್ನು ಕೊಡುವುದಾದರೆ ಶುಶು ಆಗಲಿ, ಫಾಯೊ ಬೇಡ ಅಂತ ತೀರ್ಮಾನವಾಯಿತು.

'ಪೀಸ್ ಆಫ್ ಕೇಕ್' ಬಂದಾಗ ನಂದಿಗೆ ಧೈರ್ಯ ಬಂದಿತ್ತು. "ಕನ್ನಡದ ಸ್ಟಾಪು. ಬಾಳೆಹಣ್ಣು ಸುಲಿದ ಹಾಗೆ. ಈಗ ಫ್ರೆಂಚ್ ಹೇಳಿ."

"ಲೆ ದ್ವಾ ದಾಂ ಲ ನೆ," ಅಂದರು ರಘಣ್ಣ. "ಮೂಗಿನಲ್ಲಿ ಬೆರಳಿಟ್ಟುಕೊಂಡು ಪಾಸಾದ ಅಂತ."

"ಛೀ."

"ಅಷ್ಟು ಸಲೀಸು ಅಂತ ಕಣೋ. ಅವನು ಮೂಗಿನೊಳಗೆ ಬೆರಳಿಟ್ಟುಕೊಂಡು ಪಾಸಾದ, ಅದನ್ನು ನೋಡಿ ನಾವು ಮೂಗಿನ ಮೇಲೆ ಬೆರಳಿಟ್ಟುಕೊಂಡೆವು."

ಇದಕ್ಕೆ ನಾವು ನಕ್ಕ ಸದ್ದು ಕೆಳಗಿನ ಮನೆಗೂ ಹೋಗಿರಬೇಕು. ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಮದಾಮ್. ಬಹಳ ವರ್ಷ ಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಬೈಯುವುದಕ್ಕೆ ಬಂದವರನ್ನು ರಘಣ್ಣ ಕುರ್ಚಿ ಎಳೆದು ಕೂರಿಸಿ, ಸುಧಾ ಕಾಫಿ ಕೊಟ್ಟು, ನಂದಿ ಪಟ್ಟಿ ತೋರಿಸಿ, ಹತ್ತು ನಿಮಿಷದಲ್ಲಿ ನಮ್ಮ ಕಡೆ ಮಾಡಿಕೊಂಡೆವು. ಅವರು ಕನ್ನಡಕ ಏರಿಸಿ ಓದುತ್ತಾ ಹೋದರು. ಬಾಶೊತೆಗೆ ತಲೆಯಾಡಿಸಿದರು. ಫಾಯೊ ನೋಡಿ ಯಾರನ್ನೋ ನೆನೆಸಿಕೊಂಡ ಹಾಗೆ ನಕ್ಕರು. ಆ್ಯಪ್ ಎಲ್ಲರನ್ನೂ ನೀನು ಅನ್ನುತ್ತದೆ ಅಂತ ಗೊತ್ತಾದಾಗ ಮಾತ್ರ ಮುಖ ಬಿಗಿಯಾಯಿತು. ಓದುವ ಹುಡುಗರಿಗೆ ನೀನು ಸರಿ, ತಂದೆತಾಯಿ ನೋಡುವ ಪುಟಕ್ಕೆ ನೀವು ಹಾಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿದರು. ಇದನ್ನು ಇಂಗ್ಲಿಷ್ ಪಟ್ಟಿ ನೋಡಿ ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ಅಲ್ಲಿ ಎಲ್ಲರಿಗೂ ಒಂದೇ 'ಯೂ'.

ಆಮೇಲೆ ಗಡಿಯಾರ ನೋಡಿ, ಇನ್ನೂ ಎಷ್ಟಿದೆ ಅಂತ ಕೇಳಿದರು. 261.

"ಪಾಪ, ನೀವು ಶರೆತ್!" ಅಂದರು.

ಶರೆತ್ ಅಂದರೆ ತಳ್ಳುಗಾಡಿ. ಹಿಂದೆ ಪ್ಯಾರಿಸ್ಸಿನಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗರು ಕೊನೆ ಗಳಿಗೆವರೆಗೂ ನಕ್ಷೆ ಬರೆಯುತ್ತಿದ್ದರಂತೆ. ಅದನ್ನು ಒಪ್ಪಿಸಲು ತಳ್ಳುಗಾಡಿಯಲ್ಲಿ ಸಾಗಿಸಬೇಕು. ಗಾಡಿ ಬಂದರೂ ಗೆರೆ ಎಳೆಯುವುದು ನಿಲ್ಲದು. ಗಡುವು ಕುತ್ತಿಗೆಗೆ ಬಂದವನು ಇವತ್ತಿಗೂ ಶರೆತ್. ಅವನಿಗೆ ಕಾದಿರುವುದು ಬಿಳಿ ರಾತ್ರಿ, ನ್ವಿ ಬ್ಲಾಂಶ್. ನಮ್ಮ ಕಾಲೇಜಿನ ನೈಟ್ ಔಟ್.

ನಂದಿ ಎದ್ದು ಇನ್ನೊಂದು ಡಬರಿ ಕಾಫಿಗೆ ನೀರಿಟ್ಟ. ಮದಾಮ್‌ಗೆ ಅವನನ್ನು ನೋಡಿ ಕನಿಕರ ಬಂತು. ಇಷ್ಟು ಕಷ್ಟಪಡುವ ಹುಡುಗ, ಓದಿನಲ್ಲೂ ಹೀಗೇ ಇದ್ದಿರಬೇಕು ಅನ್ನಿಸಿರಬಹುದು. "ನಿಮಗೂ ಅಲ್ಲಿ ಬಾಕ್ ಇತ್ತೇ?" ಅಂತ ಕೇಳಿದರು.

ಗೊತ್ತಿದ್ದೇ ಹೇಳಿದನೋ, ಆಯಾಸದಲ್ಲಿ ಬಾಯಿಗೆ ಬಂದಿತೋ, ನಂದಿ ಎರಡು ಬೆರಳು ಎತ್ತಿದ. "ದ್ಯೊ, ಮದಾಮ್. ಎರಡು. ಎರಡೂ ಗಣಿತದಲ್ಲಿ."

"ಎರಡಾ! ಅದೂ ಗಣಿತದಲ್ಲಿ!" ಅಂದರು ಮದಾಮ್. ಎದ್ದು ಅವನ ಕೈ ಕುಲುಕಿದರು.